ಯೋಧರ ಪರ ನಿಂತು ಯುದ್ಧದ ನೀತಿಯನ್ನ ಪ್ರಶ್ನೆ ಮಾಡಬಹುದಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಪ್ರಶ್ನೆ ಒಬ್ಬ ಕೇಳುಗರದ್ದು. ಅವರ ಅಣ್ಣ ಸೇನೆಯಲ್ಲಿದ್ದಾರೆ. "ಸರ್ಕಾರದ ಈ ನಿರ್ಧಾರ ನನಗೆ ಸರಿ ಕಾಣ್ತಿಲ್ಲ ಅಂತ ಫ್ಯಾಮಿಲಿ ಗ್ರೂಪಲ್ಲಿ ಬರೆದೆ. ಗಡಿಯಲ್ಲಿರೋ ಅಣ್ಣನಿಗೇ ದ್ರೋಹ ಮಾಡ್ತಿದ್ದೀಯ ಅಂದ್ರು. ನಿಜವಾ?"

ನನ್ನ ಉತ್ತರ: ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ನಮ್ಮ ಏರಿಯಾದಿಂದಲೇ ಶುರು ಮಾಡೋಣ. ಈಗ ಅಪಾರ್ಟ್‌ಮೆಂಟು, ಮಾಲು ನಿಂತಿರೋ ಜಾಗದಲ್ಲಿ ಬಿನ್ನಿ ಮಿಲ್ ಇತ್ತು. 1884ರಲ್ಲಿ ಶುರುವಾದ ಗಿರಣಿ. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ನೇಯ್ದ ಬಟ್ಟೆ ಸೈನ್ಯಕ್ಕೂ ಹೋಗ್ತಿತ್ತು. ಆ ಯುದ್ಧಕ್ಕೆ ಭಾರತವನ್ನ ಸೇರಿಸಿದ್ದು ವೈಸ್‌ರಾಯ್. 1939ರಲ್ಲಿ ನಮ್ಮ ಯಾವ ನಾಯಕರನ್ನೂ ಕೇಳದೆ ಘೋಷಣೆ ಮಾಡಿದ್ರು. ಅದನ್ನ ವಿರೋಧಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. 1942ರ ಆಗಸ್ಟ್‌ನಲ್ಲಿ ಬೆಂಗಳೂರಿನ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದ್ರು. ಅದೇ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನಿಕರಾಗಿದ್ರು. ಮುಷ್ಕರ ಮಾಡಿದವರ ಸಿಟ್ಟು ಬ್ರಿಟಿಷ್ ಸರ್ಕಾರದ ಮೇಲಿತ್ತು. ಸಂಬಳಕ್ಕೆ ಸೇನೆ ಸೇರಿದ ಪಕ್ಕದ ಬೀದಿಯ ಹುಡುಗನ ಮೇಲೆ ಇರಲಿಲ್ಲ.

ಇದು ಪರದೇಶದ ಸರ್ಕಾರದ ಕಾಲದ ಮಾತಾಯ್ತು. ನಮ್ಮದೇ ಸರ್ಕಾರ ಇದ್ದಾಗ?

ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಅವರನ್ನ ನೆನೆಸಿಕೊಳ್ಳಿ. ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಅವರಿಗೆ ಸರಿಬರಲಿಲ್ಲ. 1959ರ ಆಗಸ್ಟ್ 31ಕ್ಕೆ ರಾಜೀನಾಮೆ ಕೊಟ್ರು. ನೆಹರು ಮನವೊಲಿಸಿದ ಮೇಲೆ ವಾಪಸ್ ತಗೊಂಡ್ರು. ಮೂರು ವರ್ಷ ಆದ ಮೇಲೆ, 1962ರ ಅಕ್ಟೋಬರ್ 20ಕ್ಕೆ ಚೀನಾ ದಾಳಿ ಮಾಡ್ತು. ನಾಮ್ಕಾ ಚು ಹೊಳೆ ಹತ್ತಿರ ನಮ್ಮ ಹುಡುಗರು ಆ ಚಳಿಯಲ್ಲಿ ಹತ್ತಿ ಬಟ್ಟೆ ಸಮವಸ್ತ್ರದಲ್ಲಿ ನಿಂತಿದ್ರು. ಅಧಿಕೃತ ಲೆಕ್ಕದ ಪ್ರಕಾರ ಆ ಯುದ್ಧದಲ್ಲಿ 1,383 ಯೋಧರು ಸತ್ತರು.

ಆಗ ದೇಶದಲ್ಲಿ ಒಂದೇ ಸಮಯಕ್ಕೆ ಎರಡು ಕೆಲಸ ನಡೀತು. ಹೆಂಗಸರು ಬಳೆ, ಸರ ಬಿಚ್ಚಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ರು. ಇನ್ನೊಂದು ಕಡೆ, ಯುದ್ಧ ನಡೀತಾ ಇರುವಾಗಲೇ ಸಂಸತ್ ಕರೀರಿ ಅಂತ ವಾಜಪೇಯಿ ಪಟ್ಟು ಹಿಡಿದ್ರು. ನೆಹರು ನವೆಂಬರ್ 8ಕ್ಕೆ ಕರೆದ್ರು. ಅದರ ಹಿಂದಿನ ದಿನವೇ ಮೆನನ್ ಸಂಪುಟದಿಂದ ಹೊರಗೆ ಹೋಗಿದ್ರು. ಬಳೆ ಕೊಟ್ಟವರಿಗೂ ಪ್ರಶ್ನೆ ಕೇಳಿದವರಿಗೂ ಬೇಕಾಗಿದ್ದು ಒಂದೇ: ಚಳಿಯಲ್ಲಿ ನಿಂತ ಹುಡುಗನಿಗೆ ಬೆಚ್ಚಗಿನ ಕೋಟು, ಕೈಗೆ ಸರಿಯಾದ ಬಂದೂಕು.

ಇಲ್ಲಿ ಒಂದು ವಿಷಯ ಗಮನಿಸಿ. ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಅಂತ ಯೋಧ ತೀರ್ಮಾನ ಮಾಡಲ್ಲ. ಅದು ಸಂಪುಟದ ಕೆಲಸ. ಅದು ತಪ್ಪು ಅನ್ಸಿದ್ರೂ ಅವನು ಪತ್ರಿಕೆಗೆ ಬರೆಯೋ ಹಾಗಿಲ್ಲ, ರೀಲ್ಸ್ ಮಾಡೋ ಹಾಗಿಲ್ಲ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕೋಕೆ ಸಂಸತ್ತಿಗೆ ಅಧಿಕಾರ ಕೊಡುತ್ತೆ. 1950ರ ಸೇನಾ ಕಾಯ್ದೆ ಆ ಮಿತಿ ಹಾಕಿದೆ. ಶಿಸ್ತಿಗೆ ಅದು ಬೇಕು, ನಾನೂ ಒಪ್ತೀನಿ. ಆದ್ರೆ ಅವನ ಬಾಯಿ ಕಟ್ಟಿದ ಮೇಲೆ ಅವನ ಪರವಾಗಿ ಕೇಳೋರು ಯಾರು? ವೋಟು ಹಾಕೋ ನೀವು, ನಾನು. ನಾವೂ ಸುಮ್ಮನಾದ್ರೆ ಅವನ ಜೀವದ ಲೆಕ್ಕ ಕೇಳೋರೇ ಇರಲ್ಲ.

ಇದನ್ನ ಮರೆತರೆ ಏನಾಗುತ್ತೆ ಅಂತ 1990 ತೋರಿಸ್ತು. 1987ರ ಜುಲೈ 29ಕ್ಕೆ ರಾಜೀವ್ ಗಾಂಧಿ ಶ್ರೀಲಂಕಾ ಜೊತೆ ಒಪ್ಪಂದ ಮಾಡ್ಕೊಂಡ್ರು. ಶಾಂತಿಪಾಲನೆಗೆ ಅಂತ ಹೋದ ನಮ್ಮ ಪಡೆ ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ನಿಂತಿತ್ತು. ಸುಮಾರು 1,200 ಯೋಧರು ವಾಪಸ್ ಬರಲೇ ಇಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತಂಡ ಮದ್ರಾಸ್ ಬಂದರಿಗೆ ಬಂದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಅಲ್ಲಿ ತಮಿಳರು ಸತ್ತಿದ್ರು ಅನ್ನೋ ಅವರ ನೋವು ಸುಳ್ಳಲ್ಲ. ಆದ್ರೆ ದೆಹಲಿಯ ನೀತಿಗೆ ತೋರಿಸಬೇಕಾದ ಸಿಟ್ಟನ್ನ ಹಡಗಿನಿಂದ ಇಳಿದ ಸಿಪಾಯಿ ಹೊರಬೇಕಾಯ್ತು.

ನೀವು ಕೇಳಬಹುದು: ಹಾಗಾದ್ರೆ ಯೋಧ ಮಾಡಿದ್ದೆಲ್ಲ ಸರಿ ಅನ್ನಬೇಕಾ? ಬೇಡ. 1987ರ ಅಕ್ಟೋಬರ್ 21ಕ್ಕೆ ಜಾಫ್ನಾ ಆಸ್ಪತ್ರೆ ಒಳಗೆ ನಮ್ಮ ಪಡೆಯ ಗುಂಡಿಗೆ ರೋಗಿಗಳು, ಡಾಕ್ಟರು, ನರ್ಸುಗಳು ಸತ್ತರು. ತಪ್ಪಿತಸ್ಥರನ್ನ ವಿಚಾರಿಸೋಕೆ ಸೇನೆಯಲ್ಲೇ ಕೋರ್ಟ್ ಮಾರ್ಷಲ್ ಇದೆ. ಅದು ನಡೀಲಿ ಅಂತ ಕೇಳೋದು ನ್ಯಾಯವಾಗಿ ನಡೆದುಕೊಳ್ಳೋ ಸಾವಿರಾರು ಯೋಧರ ಮಾನ ಉಳಿಸುತ್ತೆ.

ಇನ್ನೊಂದು ಆಕ್ಷೇಪ: "ಯುದ್ಧದ ಸಮಯದಲ್ಲಿ ಪ್ರಶ್ನೆ ಕೇಳಿದ್ರೆ ಮನೋಬಲ ಕುಗ್ಗುತ್ತೆ." ಇದರಲ್ಲಿ ಅರ್ಧ ಸತ್ಯ ಇದೆ. ಸೇನೆ ಎಲ್ಲಿದೆ, ಎಷ್ಟಿದೆ, ರೈಲು ಯಾವ ಕಡೆ ಹೋಗ್ತಿದೆ ಅನ್ನೋದನ್ನ ಖಂಡಿತ ಫಾರ್ವರ್ಡ್ ಮಾಡಬೇಡಿ. ಅದರಿಂದ ಜೀವ ಹೋಗುತ್ತೆ. ಆದ್ರೆ "ಈ ಯುದ್ಧದ ಗುರಿ ಏನು? ಸಾಮಾನು ಸರಿಯಾಗಿದೆಯಾ? ಮುಗಿಯೋದು ಹೇಗೆ?" ಅಂತ ಕೇಳಿದ್ರೆ ಶತ್ರುವಿಗೆ ಯಾವ ಗುಟ್ಟೂ ಸಿಗಲ್ಲ. ಕೇಳಿದ್ರಿಂದ ಲಾಭವೂ ಆಗಿದೆ. ಕಾರ್ಗಿಲ್‌ನಲ್ಲಿ 527 ಯೋಧರು ಸತ್ತ ಮೇಲೆ, 1999ರ ಜುಲೈನಲ್ಲೇ ಕೆ. ಸುಬ್ರಹ್ಮಣ್ಯಂ ಸಮಿತಿ ಕೂತು ಗುಪ್ತಚರ ವ್ಯವಸ್ಥೆಯ ಲೋಪಗಳನ್ನ ಬರೆದಿಡ್ತು. ಆ ಮೇಲಿನ ಸುಧಾರಣೆಯಲ್ಲೇ 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ ಬಂತು. 1962ರ ಸೋಲಿನ ಬಗ್ಗೆ ಬರೆದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನ ಮಾತ್ರ ಸರ್ಕಾರ ಬಹಿರಂಗ ಮಾಡಲೇ ಇಲ್ಲ.

ಪ್ರಶ್ನೆ ಕಳಿಸಿದ ಗೆಳೆಯರೇ, ಇನ್ನು ಮುಂದೆ ಗ್ರೂಪಲ್ಲಿ ಬರೆಯುವಾಗ ಎರಡು ವಿಷಯ ಬೇರೆ ಬೇರೆ ಇಡಿ. "ನಿರ್ಧಾರ ಮಾಡಿದವರು ಉತ್ತರ ಕೊಡ್ಲಿ" ಅನ್ನೋದು ಒಂದು. "ಹೋದವರು ಕ್ಷೇಮವಾಗಿ ಬರ್ಲಿ, ಬಂದ ಮೇಲೆ ಪಿಂಚಣಿ, ಚಿಕಿತ್ಸೆ, ಕೆಲಸ ಸಿಗ್ಲಿ" ಅನ್ನೋದು ಇನ್ನೊಂದು. ಎರಡನೇದಕ್ಕೆ ಸ್ಟೇಟಸ್ ಸಾಲದು. ಡಿಸೆಂಬರ್ 7ರ ಧ್ವಜ ದಿನ ನಿಧಿಗೆ ಕೈಲಾದಷ್ಟು ಕೊಡಿ. ಊರಲ್ಲಿ ನಿವೃತ್ತ ಯೋಧರ ಪಿಂಚಣಿ ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ರೆ, ಅವರ ಜೊತೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಒಂದು ದಿನ ಹೋಗಿಬನ್ನಿ.

ನಿಮ್ಮ ಅಣ್ಣನಿಗೆ ಇವತ್ತು ರಾತ್ರಿ ಫೋನ್ ಸಿಕ್ಕಿದ್ರೆ ವಾದ ಮಾಡಬೇಡಿ. ಊಟ ಆಯ್ತಾ ಅಂತ ಕೇಳಿ. ವಾದ ಇರಬೇಕಾದ್ದು ನಿಮ್ಮ ಸಂಸದರ ಜೊತೆ. ಅವರಿಗೆ ನಾಳೆ ಬೆಳಗ್ಗೆ ಬರೆಯಿರಿ.