ಸೆಲ್ಫ್ ತಗೊಳ್ತಿಲ್ಲ, ಉಸ್ತಾದ್!

ಶನಿವಾರ ಸಂಜೆ ಹಿಡಿದ ಮಳೆ ಸೋಮವಾರ ಬೆಳಗ್ಗೆ ಬಿಟ್ಟಿದೆ. ಇಂಥ ಸೋಮವಾರಗಳಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಅಂಟಿಕೊಂಡ ಅಡ್ಡರಸ್ತೆಯ ಈ ಅಂಗಡಿಯ ಶಟರ್ ಅರ್ಧ ಏಳುವುದರೊಳಗೆ ಎದುರಿಗೆ ನಾಲ್ಕು ಸ್ಕೂಟರ್ ನಿಂತಿರುತ್ತವೆ. ಎರಡನ್ನು ತಳ್ಳಿಕೊಂಡೇ ಬಂದಿದ್ದಾರೆ. ಅದು ಸವಾರರ ಅಂಗಿಯ ಬೆನ್ನು ನೋಡಿದರೆ ಗೊತ್ತಾಗುತ್ತದೆ. ಟೌನ್‌ಹಾಲಿನ ಬಳಿಯಿಂದ ಮಿನರ್ವ ಸರ್ಕಲ್ ಕಡೆಗೆ ಸಾಗುವ ಈ ರಸ್ತೆ ರವೀಂದ್ರ ಕಲಾಕ್ಷೇತ್ರದ ನಾಟಕಗಳಿಗೆ ಎಷ್ಟು ಹೆಸರುವಾಸಿಯೋ ಗಾಡಿಗಳ ಬಿಡಿಭಾಗಗಳಿಗೂ ಅಷ್ಟೇ ಹೆಸರುವಾಸಿ. ಹಾರ್ನು, ಸೀಟ್ ಕವರು, ಬ್ಯಾಟರಿ ಎಲ್ಲಕ್ಕೂ ಮಿನುಗುವ ಬೋರ್ಡುಗಳಿವೆ. ಈ ಅಂಗಡಿಗೆ ಬೋರ್ಡೇ ಇಲ್ಲ. ಶಟರಿನ ಪಕ್ಕದ ಗೋಡೆಯ ಮೇಲೆ 'ಸೆಲ್ಫ್, ಮ್ಯಾಗ್ನೆಟೊ, ವೈರಿಂಗ್' ಎಂದು ಬಣ್ಣದಲ್ಲಿ ಬರೆದದ್ದು ಮಳೆಗೆ ಅರ್ಧ ಅಳಿಸಿದೆ. ಇಲ್ಲಿಗೆ ಬರುವವರು ಗೋಡೆ ಓದಿಕೊಂಡು ಬರುವವರೂ ಅಲ್ಲ. ಬೇರೆ ಮೆಕ್ಯಾನಿಕ್ಕುಗಳು ಕೈಚೆಲ್ಲಿ 'ಉಸ್ತಾದ್ ಹತ್ರ ತೋರಿಸಿ' ಎಂದು ಕಳಿಸಿದವರು.

ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ವೈರಿನ ಸುರುಳಿಗಳು. ಮೂಲೆಯ ಮರದ ಬೆಂಚಿನ ಮೇಲೆ ಚಾರ್ಜರು, ಅದರ ಕೆಂಪು ಕಪ್ಪು ಕ್ಲಿಪ್ಪುಗಳಿಗೆ ಸಿಕ್ಕಿಸಿದ ಪುಟ್ಟ ಬ್ಯಾಟರಿಗಳು, ಒಂದೊಂದರ ಮೇಲೂ ಟೇಪು ಅಂಟಿಸಿ ಬರೆದ ಗಾಡಿ ನಂಬರು. ಸಾಲ್ಡರಿಂಗ್ ಪೇಸ್ಟು ಸುಟ್ಟ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯುತ್ತದೆ. ಉಸ್ತಾದರ ಆಯುಧಗಳು ಎರಡೇ: ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪು, ಹತ್ತಿರದ ಎಸ್.ಪಿ. ರೋಡಿನಲ್ಲಿ ಕೊಂಡ ಹಳದಿ ಮೀಟರು. ಮೀಟರಿನ ಮುಖ ಗೀಚಿಹೋಗಿದೆ. ಅದರ ವೈರುಗಳ ತುದಿಯ ಮುಳ್ಳುಗಳ ಬುಡಕ್ಕೆ ಇನ್ಸುಲೇಷನ್ ಟೇಪು ಸುತ್ತಿ ಸುತ್ತಿ ಅವು ಹೆಬ್ಬೆರಳಿನಷ್ಟು ದಪ್ಪವಾಗಿವೆ.

ಮೊದಲ ಸರದಿ ಟೀಚರಮ್ಮನದು. ಸ್ಕೂಲಿಗೆ ಹೊತ್ತಾಗುತ್ತಿದೆ. ಹೆಲ್ಮೆಟ್ಟನ್ನೂ ತೆಗೆಯದೆ ಶುರುಮಾಡಿದರು.

'ಸೆಲ್ಫ್ ತಗೊಳ್ತಿಲ್ಲ ಉಸ್ತಾದ್. ಕಿಕ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ. ಬ್ಯಾಟರಿ ಹೋಗಿದೆ, ಹೊಸದು ಹಾಕ್ಬಿಡಿ.'

'ಇದು ಹಾಕ್ಸಿ ಎಷ್ಟು ದಿನ ಆಯ್ತಕ್ಕ?'

'ಯುಗಾದಿ ಹೊತ್ತಿಗೆ ಹಾಕ್ಸಿದ್ದು. ಅದಕ್ಕೆ ಮುಂಚೆ ದೀಪಾವಳೀಲಿ ಒಂದು ಹಾಕ್ಸಿದ್ದೆ. ವಾರಂಟಿ ಕಾರ್ಡು ಎಲ್ಲೋ ಕಳೆದುಹೋಯ್ತು, ದುಡ್ಡು ಕೊಟ್ಟೇ ಬದಲಾಯಿಸ್ಬೇಕಾಯ್ತು.'

ಉಸ್ತಾದರ ಕೈ ಸ್ಪಾನರಿನ ಕಡೆ ಹೋಗುವುದಿಲ್ಲ. 'ಓವರ್‌ಹೆಡ್ ಟ್ಯಾಂಕ್ ಖಾಲಿ ಆಯ್ತು ಅಂತ ಯಾರಾದ್ರೂ ಹೊಸ ಟ್ಯಾಂಕ್ ತರ್ತಾರಾ ಅಕ್ಕ? ಕಾವೇರಿ ನೀರು ಬರ್ತಿದ್ಯಾ ನೋಡ್ಬೇಕು, ಎಲ್ಲಾದ್ರೂ ನಲ್ಲಿ ಸೋರ್ತಿದ್ಯಾ ನೋಡ್ಬೇಕು. ಎರಡೂ ಸರಿಯಿದ್ರೆ ಆಮೇಲೆ ಟ್ಯಾಂಕು.' ದಿನವಿಡೀ ಈ ಅಂಗಡಿಯಲ್ಲಿ ನಡೆಯುವ ಕೆಲಸವೆಲ್ಲ ಈ ಮೂರು ಮಾತಿನೊಳಗೇ ಇದೆ.

ಟೀಚರಮ್ಮನಿಗೆ ಸಮಾಧಾನವಿಲ್ಲ. 'ಹೆಡ್‌ಲೈಟ್ ಮಾತ್ರ ಚೆನ್ನಾಗೇ ಉರಿಯುತ್ತೆ!' ಉಸ್ತಾದರ ಮುಖದಲ್ಲಿ ನಗು. ಈ ಗಾಡಿ 2017ರದು. ಆ ವರ್ಷದ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನೇ ಹೊತ್ತಬೇಕೆಂಬ ನಿಯಮ ಬಂತು. ಈ ಮಾದರಿಯಲ್ಲಿ ಆ ದೀಪಕ್ಕೆ ಕರೆಂಟು ಬ್ಯಾಟರಿಯಿಂದ ಬರುವುದಿಲ್ಲ, ನೇರ ಮ್ಯಾಗ್ನೆಟೊದಿಂದ ಬರುತ್ತದೆ. ಆಕ್ಸಿಲರೇಟರ್ ತಿರುವಿದರೆ ಬೆಳಗುತ್ತದೆ, ಸಿಗ್ನಲ್ಲಿನಲ್ಲಿ ನಿಂತರೆ ಮಂಕಾಗುತ್ತದೆ. ಬ್ಯಾಟರಿಯ ಯೋಗಕ್ಷೇಮ ಕೇಳಬೇಕಾದದ್ದು ಹಾರ್ನನ್ನು ಮತ್ತು ಇಂಡಿಕೇಟರನ್ನು. ಉಸ್ತಾದರ ಕೈಕೆಳಗಿನ ಹುಡುಗ ಕೀ ತಿರುವಿ ಹಾರ್ನ್ ಒತ್ತಿದ. ಗಂಟಲು ಕಟ್ಟಿದ ಸದ್ದು. ಸೆಲ್ಫ್ ಬಟನ್ ಒತ್ತಿದ. ಸೀಟಿನಡಿಯಿಂದ ರಿಲೇ 'ಕಟಕಟ' ಅಂದಿತೇ ಹೊರತು ಎಂಜಿನ್ ಅಲುಗಲಿಲ್ಲ.

ಈಗ ಮೀಟರು. ಮುಚ್ಚಳ ಬಿಚ್ಚಿ ಕೆಂಪು ಮುಳ್ಳನ್ನು ಪಾಸಿಟಿವ್‌ಗೆ, ಕಪ್ಪನ್ನು ನೆಗೆಟಿವ್‌ಗೆ ಹಿಡಿದರು. 12.1 ವೋಲ್ಟ್. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡಿದೆಯಲ್ಲ, ಸರಿಯಾಗೇ ಇದೆ ಎಂದು ನೋಡುವವರಿಗೆ ಅನ್ನಿಸಬೇಕು. ಆದರೆ ಒಳಗಿರುವ ಆರು ಸೆಲ್‌ಗಳಲ್ಲಿ ಒಂದೊಂದೂ ಎರಡು ವೋಲ್ಟಿಗಿಂತ ತುಸು ಮೇಲಿದ್ದು, ಚಾರ್ಜ್ ತುಂಬಿದ ಬ್ಯಾಟರಿ ಸುಮ್ಮನೆ ನಿಂತಾಗ 12.6ರಿಂದ 12.8 ತೋರಿಸಬೇಕು. 12.1 ಎಂದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಮುಳ್ಳು ತೆಗೆಯದೆಯೇ ಸೆಲ್ಫ್ ಒತ್ತಿಸಿದಾಗ ಅಂಕಿ ಜಾರಿ 8.8ಕ್ಕೆ ಬಿತ್ತು. ಹತ್ತರ ಕೆಳಗೆ ಬಿದ್ದರೆ ಬ್ಯಾಟರಿಗೆ ತ್ರಾಣವಿಲ್ಲ ಎಂದೇ ಲೆಕ್ಕ. ಇಲ್ಲಿಗೇ ನಿಲ್ಲಿಸಿದವರು ಹೊಸ ಬ್ಯಾಟರಿ ಮಾರುತ್ತಾರೆ. ಟೀಚರಮ್ಮನಿಗೆ ಎರಡು ಸಲ ಆದದ್ದೂ ಅದೇ.

ಉಸ್ತಾದ್ ಕಿಕ್ ಹೊಡೆಸಿದರು. ಎಂಜಿನ್ ಹೊತ್ತಿತು. ಮೀಟರಿನಲ್ಲಿ 12.2. ಹುಡುಗ ಆಕ್ಸಿಲರೇಟರ್ ಏರಿಸಿದ, ಎಂಜಿನ್ ಕೂಗಿತು, ಅಂಕಿ ಮಾತ್ರ 12.2ರಲ್ಲೇ ನಿಂತಿತ್ತು. ಅದು 13.5 ದಾಟಿ ಹದಿನಾಲ್ಕರ ಆಸುಪಾಸಿಗೆ ಬರಬೇಕಿತ್ತು. 'ನೋಡಿ ಅಕ್ಕ, ನೀರೇ ಬರ್ತಿಲ್ಲ.'

ಸ್ಕೂಟರಿನ ಎಂಜಿನ್ನಿನ ಪಕ್ಕದಲ್ಲಿ, ಫ್ಯಾನಿನ ಹಿಂದೆ ಅಡಗಿರುವ ಮ್ಯಾಗ್ನೆಟೊವೇ ಗಾಡಿಯ ವಿದ್ಯುತ್ ಸ್ಥಾವರ. ಕ್ರ್ಯಾಂಕಿನ ಜತೆ ಗಿರಗಿರ ತಿರುಗುವ ಬಟ್ಟಲಿನ ಒಳಬದಿಯಲ್ಲಿ ಅಯಸ್ಕಾಂತಗಳಿವೆ. ನಡುವೆ ಅಲುಗದೆ ಕೂತದ್ದು ತಾಮ್ರದ ತಂತಿ ಸುತ್ತಿದ ಕಾಯಿಲ್. ಅಲ್ಲಿ ಹುಟ್ಟುವುದು ಎ.ಸಿ. ಕರೆಂಟು. ಅದನ್ನು ಡಿ.ಸಿ. ಮಾಡಿ, ಎಂಜಿನ್ ಎಷ್ಟೇ ಓಡಿದರೂ ಬ್ಯಾಟರಿಗೆ ಹದಿನಾಲ್ಕೂವರೆ ವೋಲ್ಟಿಗಿಂತ ಹೆಚ್ಚು ಹೋಗದಂತೆ ತಡೆಯುವುದು ಆರ್‌ಆರ್ ಯೂನಿಟ್ಟು, ಎಂದರೆ ರೆಗ್ಯುಲೇಟರ್ ರೆಕ್ಟಿಫೈಯರ್. ಬೆನ್ನ ಮೇಲೆ ಅಲ್ಯೂಮಿನಿಯಂ ಗೆರೆಗಳಿರುವ, ಅಂಗೈಯಲ್ಲಿ ಹಿಡಿಯುವಷ್ಟರ ಡಬ್ಬಿ. ಕಾಯಿಲ್, ಆರ್‌ಆರ್, ಇವೆರಡರ ನಡುವಿನ ವೈರು: ಮೂರರಲ್ಲಿ ಒಂದು ಕೈಕೊಟ್ಟಿದೆ.

ಎಂಜಿನ್ ಆರಿಸಿ ಕಾಯಿಲಿನ ಬಿಳಿ ವೈರಿಗೂ ಬಾಡಿಗೂ ನಡುವೆ ಓಮ್ ಅಳೆದರು. ಒಂದಕ್ಕಿಂತ ಕಡಿಮೆ. ಕಾಯಿಲ್ ತುಂಡಾಗಿಲ್ಲ, ಸುಟ್ಟ ವಾಸನೆಯೂ ಇಲ್ಲ. ಈ ಗಾಡಿಯಲ್ಲಿ ಹಳದಿ ವೈರು ಹೆಡ್‌ಲೈಟಿಗೆ, ಬಿಳಿ ವೈರು ಬ್ಯಾಟರಿಗೆ. ಬಣ್ಣಗಳು ಕಂಪನಿಯಿಂದ ಕಂಪನಿಗೆ ಬೇರೆ. ಹಳದಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಟೀಚರಮ್ಮನ ಹೆಡ್‌ಲೈಟೇ ಪುರಾವೆ. ಉಳಿದದ್ದು ಬಿಳಿಯ ದಾರಿ. ಉಸ್ತಾದ್ ಆ ವೈರಿನ ಮೇಲೆ ಬೆರಳಾಡಿಸುತ್ತ ಹೋಗಿ ಕನೆಕ್ಟರಿನ ಬಳಿ ನಿಂತರು. ಉಗುರಿನಿಂದ ಲಾಕ್ ಎತ್ತಿ ಬಿಡಿಸಿದರು. ಒಳಗೆ ಬೆಳ್ಳನೆಯ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಕರಗಿದೆ. ಬಿಳಿ ವೈರಿನ ಪಿನ್ನಿನ ಸುತ್ತ ಹಸಿರು ಕಿಲುಬು, ಮುಟ್ಟಿದರೆ ಪುಡಿಪುಡಿ. ಮಳೆನೀರು ಇಳಿದು ಪಿನ್ನು ಕಿಲುಬು ಹಿಡಿದಿದೆ, ಹಿಡಿತ ಸಡಿಲವಾಗಿ ಬಿಸಿಯಾಗಿದೆ, ಬಿಸಿಯಾಗಿ ಇನ್ನಷ್ಟು ಸಡಿಲವಾಗಿದೆ. ಹಳೆಯ ಪಿನ್ನು ಕತ್ತರಿಸಿ, ವೈರಿನ ತಾಮ್ರ ಹೊಳೆಯುವವರೆಗೆ ಕೆರೆದು, ಹೊಸ ಕನೆಕ್ಟರ್ ಕೂರಿಸಿ, ಮೇಲೆ ಸ್ಲೀವ್ ಎಳೆದು ಲೈಟರಿನಿಂದ ಬಿಸಿ ಮಾಡಿದರು. ಸ್ಲೀವು ಕುಗ್ಗಿ ವೈರನ್ನು ಕಚ್ಚಿಕೊಂಡಿತು.

ಮತ್ತೆ ಕಿಕ್. ಆಕ್ಸಿಲರೇಟರ್ ಏರುತ್ತಿದ್ದಂತೆ ಮೀಟರಿನಲ್ಲಿ 12.9, 13.4, 13.8. ಟೀಚರಮ್ಮ ಆಗ ಹೆಲ್ಮೆಟ್ ತೆಗೆದರು.

'ಹಾಗಾದ್ರೆ ಬ್ಯಾಟರಿ ಬೇಡ್ವಾ?'

'ಸದ್ಯಕ್ಕೆ ಬೇಡ. ಇವತ್ತು ನನ್ನ ಬ್ಯಾಟರಿ ಹಾಕ್ಕೊಂಡು ಓಡಾಡಿ. ನಿಮ್ಮದನ್ನ ರಾತ್ರಿ ಪೂರ್ತಿ ಸ್ಲೋ ಚಾರ್ಜ್‌ಗೆ ಹಾಕ್ತೀನಿ, ನಾಳೆ ಸಂಜೆ ಬನ್ನಿ. ಆಗ ಗೊತ್ತಾಗುತ್ತೆ.'

ಹುಡುಗ ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ಬಿಚ್ಚಿದ, ಹಾಕುವಾಗ ಅದನ್ನು ಕೊನೆಗಿಟ್ಟುಕೊಂಡ. ನೆಗೆಟಿವ್ ಇನ್ನೂ ಕೂತಿರುವಾಗ ಪಾಸಿಟಿವ್ ನಟ್ಟಿನ ಮೇಲಿನ ಸ್ಪಾನರು ಗಾಡಿಯ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಿ ಚಾರ್ಜಿಂಗ್ ಪರೀಕ್ಷಿಸುವ ಜಾಣರೂ ಇದ್ದಾರೆ. ಉಸ್ತಾದ್ ಅದಕ್ಕೆ ಒಪ್ಪುವುದಿಲ್ಲ. ತಡೆಯುವ ಬ್ಯಾಟರಿಯೇ ಇಲ್ಲದಾಗ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಬಲ್ಬುಗಳನ್ನೂ, ಹೊಸ ಗಾಡಿಯಾದರೆ ಎಂಜಿನ್ನನ್ನು ನಿಯಂತ್ರಿಸುವ ಇಸಿಯುವನ್ನೂ ಸುಡಬಹುದು.

ಎರಡನೆಯವನು ಡೆಲಿವರಿ ಹುಡುಗ. ಹ್ಯಾಂಡಲ್ ಮೇಲೆ ಮೊಬೈಲ್ ಹೋಲ್ಡರು, ಚಾರ್ಜರು, ಮಂಜುದೀಪ, ಎರಡು ಹಾರ್ನು. ದಿನವೆಲ್ಲ ಓಡುವ ಗಾಡಿ, ತೊಂದರೆಯೇ ಇರಲಿಲ್ಲ. ಊರ ಜಾತ್ರೆಗೆಂದು ರಾಯಚೂರಿಗೆ ಹೋಗಿ ಬಂದು ನೋಡಿದರೆ ಸತ್ತುಬಿದ್ದಿದೆ. ಉಸ್ತಾದ್ ಚಾರ್ಜಿಂಗ್ ನೋಡಿದರು, 14.1. ಕಾವೇರಿ ಬರುತ್ತಿದೆ. 'ನಿಂದು ಸೋರಿಕೆ ಗುರು.'

ಕೀ ಆಫ್ ಮಾಡಿ, ನೆಗೆಟಿವ್ ಬಿಚ್ಚಿ, ವೈರಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಮಿಲಿ ಆಂಪಿಯರಿಗೆ ಇಟ್ಟು ಸೇರಿಸಿದರು. 60. ಗಾಡಿ ಮಲಗಿದ್ದಾಗ ಒಂದೆರಡು ಮಿಲಿ ಆಂಪಿಯರ್ ಹರಿದರೆ ಚಿಂತೆಯಿಲ್ಲ. 60 ಎಂದರೆ ದಿನಕ್ಕೆ ಸುಮಾರು ಒಂದೂವರೆ ಆಂಪಿಯರ್ ಅವರ್. ಅವನದು 4 ಆಂಪಿಯರ್ ಅವರ್‌ನ ಬ್ಯಾಟರಿ. ಮೂರು ದಿನಕ್ಕೆ ತಳ ಕಾಣುತ್ತದೆ. ಮಂಜುದೀಪದ ವೈರು ಕಳಚಿದರು, ಅಂಕಿ ಅಲುಗಲಿಲ್ಲ. ಮೊಬೈಲ್ ಚಾರ್ಜರ್ ಕಳಚಿದರು, 1.5ಕ್ಕೆ ಇಳಿಯಿತು. ಕೂರಿಸಿದವರು ಕೀಯ ಗೊಡವೆಗೆ ಹೋಗದೆ ಅದನ್ನು ನೇರ ಬ್ಯಾಟರಿಗೇ ಕಟ್ಟಿದ್ದರು. ಮಾಡಿದ ಕೆಲಸ ಒಂದು ವೈರನ್ನು ಕೀ ಹಾದುಬರುವ ಲೈನಿಗೆ ಬದಲಾಯಿಸಿದ್ದು, ನಡುವೆ ಒಂದು ಫ್ಯೂಸ್ ಹಾಕಿದ್ದು. ಹುಡುಗನಿಗೆ ಟೀಯೂ ಆಯಿತು, ರಿಪೇರಿಯೂ ಆಯಿತು.

ಇದನ್ನೆಲ್ಲ ಕಲ್ಲುಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. 'ನಮ್ಮ ಚೇತಕ್ಕಿಗೆ ಈ ಕಾಟವೇ ಇರ್ಲಿಲ್ಲ ಕಣಯ್ಯ.' ನಿಜ. 1972ರಲ್ಲಿ ಬಂದ ಬಜಾಜ್ ಚೇತಕ್ಕಿನ ಹಳೆಯ ಗಾಡಿಗಳಲ್ಲಿ ಅನೇಕಕ್ಕೆ ಬ್ಯಾಟರಿಯೇ ಇರಲಿಲ್ಲ. ಒಂದಿಷ್ಟು ಓರೆಮಾಡಿ ಕಿಕ್ ಹೊಡೆದರೆ ಎದ್ದೇಳುತ್ತಿತ್ತು, ದೀಪವೂ ಹಾರ್ನೂ ಮ್ಯಾಗ್ನೆಟೊದಲ್ಲೇ ನಡೆಯುತ್ತಿದ್ದವು. 2000ದ ಹೊತ್ತಿಗೆ ಆಕ್ಟಿವಾ ಬಂದು ಬಟನ್ ಸ್ಟಾರ್ಟಿನ ರುಚಿ ಹತ್ತಿಸಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಮಾಲಿನ್ಯ ನಿಯಮ. ಕಾರ್ಬ್ಯುರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂತು. ಪೆಟ್ರೋಲ್ ತಳ್ಳುವ ಪಂಪಿಗೂ ಇಸಿಯುವಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಮಲಗಿದರೆ ಕಿಕ್ ಹೊಡೆದು ಕಾಲು ನೋಯಿಸಿಕೊಂಡದ್ದೇ ಬಂತು. ಕೆಲವು ಗಾಡಿಗಳಲ್ಲಿ ಕಿಕ್ಕರೇ ಇಲ್ಲ. ಎಂದೋ ನಿಂತುಹೋಗಿದ್ದ ಚೇತಕ್ ಕೂಡ 2020ರಲ್ಲಿ ಪುಣೆ ಮತ್ತು ಬೆಂಗಳೂರಿನ ಬೀದಿಗಳಿಗೆ ಎಲೆಕ್ಟ್ರಿಕ್ ಆಗಿಯೇ ಮರಳಿತು. 'ಆಗ ಬ್ಯಾಟರಿ ಇಲ್ದೆ ಓಡ್ತಿತ್ತು, ಈಗ ಬ್ಯಾಟರಿ ಬಿಟ್ರೆ ಬೇರೇನೂ ಇಲ್ಲ' ಎಂದು ಹಿರಿಯರು ತಾವೇ ನಕ್ಕರು.

ಮಧ್ಯಾಹ್ನಕ್ಕೆ ತದ್ವಿರುದ್ಧದ ಕಾಯಿಲೆಯ ಗಾಡಿಯೊಂದು ಬಂತು. ತಿಂಗಳಿಗೊಂದು ಬಲ್ಬು ಸುಡುತ್ತದೆ, ಬ್ಯಾಟರಿಯ ಪಕ್ಕೆಗಳು ಉಬ್ಬಿವೆ. ಆಕ್ಸಿಲರೇಟರ್ ಏರಿಸಿದಾಗ ಮೀಟರ್ 16 ದಾಟಿತು. ಉಸ್ತಾದ್ ಆರ್‌ಆರ್ ಯೂನಿಟ್ಟಿನ ಅರ್ತಿಂಗ್ ವೈರು ಗಟ್ಟಿಯಾಗಿದೆಯೇ ಎಂದು ನೋಡಿದರು. ಗಟ್ಟಿಯಿತ್ತು. ಯೂನಿಟ್ಟೇ ಹೋಗಿದೆ. ಅದರ ಜತೆಗೆ ಈ ಬ್ಯಾಟರಿಯನ್ನೂ ಬದಲಾಯಿಸಲೇಬೇಕು. ಉಬ್ಬಿದ ಮೇಲೆ ಅದು ಸರಿಹೋಗುವುದಿಲ್ಲ.

ಹಳೆಯ ಬ್ಯಾಟರಿಗಳನ್ನು ಬೆಂಚಿನಡಿಯ ಪ್ಲಾಸ್ಟಿಕ್ ಟ್ರೇಯಲ್ಲಿ ಪೇರಿಸಿಡುತ್ತಾರೆ, ಬೀದಿಗೆ ಎಸೆಯುವುದಿಲ್ಲ. ಒಳಗಿರುವುದು ಸೀಸ ಮತ್ತು ಗಂಧಕಾಮ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮರಳಿ ಪಡೆದು ಮರುಬಳಕೆಗೆ ಸೇರಿಸುವ ಹೊಣೆ ತಯಾರಕರದು. ಎಕ್ಸ್‌ಚೇಂಜ್‌ಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಇಳಿಯುತ್ತದೆ ಕೂಡ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ ಸೀಸದ ಬ್ಯಾಟರಿಯ ತತ್ವವೇ ಇವತ್ತಿಗೂ ಸ್ಕೂಟರಿನ ಸೀಟಿನಡಿ ಕೂತಿದೆ, ಅದರ ದೌರ್ಬಲ್ಯವೂ ಬದಲಾಗಿಲ್ಲ. ಖಾಲಿಯಾಗಿ ಬಿದ್ದಿದ್ದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟಿನ ಹರಳು ಗಟ್ಟಿಯಾಗುತ್ತ ಹೋಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತ ಗಾಡಿಗಳಿಗೆ ಆದದ್ದು ಇದೇ. ಸ್ವಲ್ಪವೇ ಬಳಲಿದ್ದನ್ನು ಉಳಿಸಲು ಉಸ್ತಾದರ ಮದ್ದು ಸ್ಲೋ ಚಾರ್ಜು: ಬ್ಯಾಟರಿಯ ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗ ಕರೆಂಟು, ಹತ್ತು ಗಂಟೆಯ ಹೊತ್ತು. 4ರ ಬ್ಯಾಟರಿಗೆ 0.4 ಆಂಪಿಯರ್. ಅವಸರಕ್ಕೆ ಕಾರಿನ ಚಾರ್ಜರಿನಲ್ಲಿ ಕಾಯಿಸಿದ ಬ್ಯಾಟರಿಯನ್ನು ಅವರು ಒಳಗೇ ಸೇರಿಸುವುದಿಲ್ಲ.

ಮಾರನೆಯ ಸಂಜೆ ಟೀಚರಮ್ಮ ಬಂದರು. ಚಾರ್ಜರಿನಿಂದ ಬಿಡಿಸಿ ಹೊತ್ತು ಕಳೆದಿದ್ದ ಅವರ ಬ್ಯಾಟರಿ 12.7 ತೋರಿಸಿತು. ಗಾಡಿಗೆ ಹಾಕಿ ಸೆಲ್ಫ್ ಒತ್ತಿದಾಗ 10.6ಕ್ಕೆ ಇಳಿದು, ಒಂದೇ ಏಟಿಗೆ ಎಂಜಿನ್ ಎದ್ದಿತು. ಆಕ್ಸಿಲರೇಟರ್ ಏರಿಸಿದಾಗ 14.2. ಟರ್ಮಿನಲ್ಲಿಗೆ ವ್ಯಾಸಲಿನ್ ಸವರಿ ಮುಚ್ಚಳ ಹಾಕಿದ್ದಾಯಿತು.

ಉಸ್ತಾದ್ ಕೇಳಿದ ದುಡ್ಡು ಹೊಸ ಬ್ಯಾಟರಿಯ ಬೆಲೆಯ ಕಾಲುಭಾಗವೂ ಇರಲಿಲ್ಲ. ಆದರೂ ಪರ್ಸ್ ತೆಗೆಯುವ ಕೈ ಅರೆಗಳಿಗೆ ತಡೆಯಿತು. ಬ್ಯಾಟರಿ ಕೊಂಡರೆ ಡಬ್ಬಿ ಸಿಗುತ್ತದೆ, ಬಿಲ್ಲು ಸಿಗುತ್ತದೆ, ವಾರಂಟಿ ಸಿಗುತ್ತದೆ. ಇಲ್ಲಿ ಸಿಕ್ಕದ್ದು ಹೆಬ್ಬೆರಳುದ್ದದ ಕನೆಕ್ಟರ್ ಮತ್ತು ಸ್ಲೀವು. ದೋಷ ಹುಡುಕಿದ್ದಕ್ಕೆ ಈ ಪೇಟೆಯ ಯಾವ ಬಿಲ್ಲಿನಲ್ಲೂ ಪ್ರತ್ಯೇಕ ಸಾಲಿಲ್ಲ. ಹುಡುಕದೆಯೇ ಮಾರಿದ್ದಕ್ಕೆ ಟೀಚರಮ್ಮನ ಬಳಿ ಎರಡು ಬಿಲ್ಲುಗಳಿವೆ.

'ಇದಕ್ಕೂ ಒಂದು ಬಿಲ್ಲು ಅಂತ ಕೊಡ್ತೀರಾ?' ಎಂದರು ಅವರು, ಅರ್ಧ ತಮಾಷೆಗೆ.

ಉಸ್ತಾದ್ ಸ್ಪೇರ್ ಅಂಗಡಿಯ ಖಾಲಿ ರಟ್ಟಿನ ಚೂರು ಹರಿದು, ಮಾರ್ಕರ್ ಪೆನ್ನಿನಲ್ಲಿ ತಾರೀಖು ಹಾಕಿ, ಕೆಳಗೆ ಮೂರು ಅಂಕಿ ಬರೆದರು: ನಿಂತಾಗ 12.7, ಸೆಲ್ಫ್ ಒತ್ತಿದಾಗ 10.6, ಓಡುವಾಗ 14.2. ಸೀಟಿನಡಿಯ ಡಿಕ್ಕಿಯಲ್ಲಿಟ್ಟು ಹೇಳಿದರು: 'ಇನ್ಮೇಲೆ ಯಾರೇ ಬ್ಯಾಟರಿ ಹೋಗಿದೆ ಅಂದ್ರೂ ಇದನ್ನ ತೋರಿಸಿ, ಈ ಮೂರೂ ಅಳೆದು ಹೇಳಿ ಅನ್ನಿ. ಅಳೆಯೋರ ಹತ್ರ ಕೆಲಸ ಮಾಡಿಸ್ಕೊಳ್ಳಿ ಅಕ್ಕ, ನನ್ನ ಹತ್ರಾನೇ ಬರ್ಬೇಕು ಅಂತೇನಿಲ್ಲ.'