ಶುಚಿಯ ಪಾಠ: ಮೊಬೈಲಿನಲ್ಲೋ, ಎದುರಿನಲ್ಲೋ?

ನನ್ನ ತಾಯಿಯವರು ಇಡ್ಲಿ ಮಾರಿ ನನ್ನನ್ನು ಬಿ.ಎ.ವರೆಗೆ ಓದಿಸಿದವರು, ಅವರಿಗೆ ಅಕ್ಷರ ಬಾರದು. ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ಆರಂಭಿಸಿದ ‘ಫಾಸ್ಟ್ಯಾಕ್’ ತರಬೇತಿಯಲ್ಲಿ ಬೀದಿ ವ್ಯಾಪಾರಿಗಳಿಗೂ ಪಾಠವುಂಟು. ಆನ್‌ಲೈನ್ ಆದರೆ ಒಂದು ದಿನದ ಸಂಪಾದನೆ ಉಳಿಯುವುದು. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5ಕ್ಕಿಂತ ಕೆಳಗೆ ಇರಬೇಕು. ನಡುವಣ ಶಾಖದಲ್ಲಿ ರೋಗಾಣುಗಳು ಬೇಗ ವೃದ್ಧಿಯಾಗುತ್ತವೆ. ಇಷ್ಟನ್ನು ನಾನೇ ಓದಿ ಹೇಳಿದೆ. “ಆಗ್ಲಪ್ಪಾ” ಎಂದರು, ಚಟ್ನಿ ಮಧ್ಯಾಹ್ನದವರೆಗೂ ಹೊರಗೇ ಇತ್ತು! ಪರೀಕ್ಷೆಯ ಉತ್ತರವನ್ನೂ ನಾನೇ ಹೇಳಿಕೊಟ್ಟೇನು, ಪ್ರಮಾಣಪತ್ರವೂ ಬಂದೀತು. ಆದರೆ ಚಿಲ್ಲರೆ ಮುಟ್ಟಿದ ಕೈಯಲ್ಲೇ ಇಡ್ಲಿ ತೆಗೆಯುವುದನ್ನು ಮೊಬೈಲು ಕಾಣದು; ಎದುರಿಗೆ ನಿಂತ ಶಿಕ್ಷಕರು ಕಂಡು, ಕೈ ತೊಳೆಸಿಯೇ ತೋರಿಸಬಲ್ಲರು. ಆದುದರಿಂದ ನೇರ ತರಬೇತಿಗೇ ಅವರ ಹೆಸರು ಬರೆಸಿದ್ದೇನೆ. ಆ ದಿನ ಇಡ್ಲಿ ಬೇಯಿಸುವವನು ನಾನು.