ಹೆಲಿಕಾಪ್ಟರ್ ಬಿದ್ದದ್ದು ಮೋಟಾರಿನಿಂದಲ್ಲ

ದಸರಾ ರಜೆಗೆ ಊರಿಗೆ ಹೋದಾಗ ಅಕ್ಕನ ಮಗ ನನ್ನ ಬ್ಯಾಗ್ ಇಳಿಸೋಕೂ ಬಿಡದೆ ಕೇಳಿದ್ದು ಒಂದೇ ಮಾತು: "ಮಾಮ, ನೀನು ಎಂಜಿನಿಯರ್ ಅಲ್ವಾ? ಒಂದು ರಿಮೋಟ್ ಹೆಲಿಕಾಪ್ಟರ್ ಮಾಡಿಕೊಡೋಕೆ ಆಗಲ್ವಾ?"

ಅವನು ಒಂಬತ್ತನೇ ಕ್ಲಾಸು. 2023ರ ಫೆಬ್ರುವರಿಯಲ್ಲಿ ಗುಬ್ಬಿ ಹತ್ತಿರ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಈ ಹುಚ್ಚು. ನಾನು ಎಲೆಕ್ಟ್ರಾನಿಕ್ಸ್ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಬರೆಯುವವನು. ಡಿಗ್ರಿ ಮುಗಿದ ಮೇಲೆ ಬೆಸುಗೆ ಕಡ್ಡಿ ಹಿಡಿದದ್ದು ಎರಡೋ ಮೂರೋ ಸಲ. ಆದರೂ ಸೋದರಳಿಯನ ಮುಂದೆ "ಆಗಲ್ಲ" ಅನ್ನೋದು ಹೇಗೆ? "ಆಗುತ್ತೆ ಬಿಡೋ" ಅಂದುಬಿಟ್ಟೆ.

ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಗೆ ಹತ್ತಿರ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಭತ್ತದ ಗದ್ದೆ. ಕೊಯ್ಲಾದ ಮೇಲೆ ಗದ್ದೆ ಖಾಲಿ ಇರುತ್ತೆ, ಅಲ್ಲೇ ಹಾರಿಸೋದು ಅಂತ ತೀರ್ಮಾನವಾಯಿತು. ಕೆರೆ ಏರಿಯ ಮೇಲೆ ಬೇಡ ಅಂತ ಮೊದಲೇ ಹೇಳಿದ್ದೆ. ಅಲ್ಲಿ ಜನ ಇರ್ತಾರೆ, ಹಕ್ಕಿಗಳಿರ್ತವೆ.

ಮೊದಲು ಲೆಕ್ಕ, ಆಮೇಲೆ ಅಂಗಡಿ

ನಾವು ಆರಿಸಿಕೊಂಡದ್ದು ಹವ್ಯಾಸಿಗಳು '450' ಅನ್ನುವ ಅಳತೆ. ಒಂದೊಂದು ರೆಕ್ಕೆ 325 ಮಿಲಿಮೀಟರ್ ಉದ್ದ, ಒಟ್ಟು ತೂಕ ಮುಕ್ಕಾಲು ಕಿಲೋ ಆಸುಪಾಸು. ಚೌಕಟ್ಟು, ಗೇರು, ರೆಕ್ಕೆ ಕಿಟ್‌ನಲ್ಲೇ ಬರುತ್ತವೆ. ಎಲೆಕ್ಟ್ರಾನಿಕ್ಸ್ ಮಾತ್ರ ನಾವೇ ಆರಿಸಬೇಕು.

ಮೋಟಾರಿನ ಮೇಲೆ 'ಕೆವಿ' ಅಂತ ಒಂದು ಅಂಕಿ ಇರುತ್ತೆ. ಒಂದು ವೋಲ್ಟಿಗೆ, ಭಾರ ಇಲ್ಲದಾಗ, ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು ಅದರರ್ಥ. ನಮ್ಮ ಮೋಟಾರು 3500 ಕೆವಿ. ಮೂರು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ 11.1 ವೋಲ್ಟ್. ಗುಣಿಸಿದರೆ 38,850 ಸುತ್ತು. ಮೋಟಾರಿನ ಚಿಕ್ಕ ಗೇರಿಗೆ 11 ಹಲ್ಲು, ದೊಡ್ಡ ಗೇರಿಗೆ 150. ಅಲ್ಲಿಗೆ ಸುಮಾರು 2,850 ಸುತ್ತಿಗೆ ಇಳಿಯುತ್ತೆ. ಭಾರ ಬಿದ್ದಾಗಿನ ನಷ್ಟ ಕಳೆದರೆ ರೆಕ್ಕೆಗೆ ಸಿಗೋದು 2,400 ಆಸುಪಾಸು.

ಈ ಅಂಕಿಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದು ನೋಡಿ. ರೆಕ್ಕೆಯ ತುದಿ ಒಂದು ಸುತ್ತಿಗೆ ಎರಡು ಮೀಟರಿಗಿಂತ ಹೆಚ್ಚು ಓಡುತ್ತೆ, ಸೆಕೆಂಡಿಗೆ ನಲವತ್ತು ಸುತ್ತು. ಅಂದರೆ ಗಂಟೆಗೆ 300 ಕಿಲೋಮೀಟರಿಗೂ ಮೇಲೆ. ಇದು ಆಟಿಕೆ ಅಲ್ಲ. ಈ ಲೆಕ್ಕವನ್ನು ಅಕ್ಕನಿಗೆ ಹೇಳದೆ ಮುಚ್ಚಿಟ್ಟದ್ದು ನನ್ನ ಮೊದಲ ತಪ್ಪು.

ಕೆರೆ, ತೂಬು, ನೀರುಗಂಟಿ

ಬ್ಯಾಟರಿ ವಿಷಯ ಹುಡುಗನಿಗೆ ಹೇಗೆ ಹೇಳೋದು ಅಂತ ಯೋಚಿಸುವಾಗ ಕಣ್ಣ ಮುಂದೆ ಕೆರೆಯೇ ಇತ್ತು. "2200 ಎಂಎಎಚ್ ಅಂದ್ರೆ ಕೆರೆಯಲ್ಲಿ ಎಷ್ಟು ನೀರಿದೆ ಅನ್ನೋದು. ವೋಲ್ಟೇಜ್ ಅಂದ್ರೆ ನೀರು ಎಷ್ಟು ಎತ್ತರದಲ್ಲಿ ನಿಂತಿದೆ ಅನ್ನೋದು. 25ಸಿ ಅಂತ ಬರೆದಿದೆಯಲ್ಲ, ಅದು ತೂಬಿನ ಅಗಲ" ಅಂದೆ. ಕೆರೆ ತುಂಬಿದ್ದರೂ ತೂಬು ಸಣ್ಣದಾದರೆ ಗದ್ದೆಗೆ ನೀರು ಸಾಲದು. 2.2 ಆಂಪ್ ಅವರ್ ಅನ್ನು 25ರಿಂದ ಗುಣಿಸಿದರೆ 55 ಆಂಪ್, ಕಾಗದದ ಮೇಲಿನ ಮಿತಿ ಅಷ್ಟು. ನಿಂತಲ್ಲೇ ತೇಲುವಾಗ ನಮ್ಮದಕ್ಕೆ 15 ಆಂಪ್ ಸಾಕು, ರಭಸವಾಗಿ ಏರುವಾಗ ಅದರ ಎರಡರಷ್ಟು ಬೇಕು. ಹಾಗಾಗಿ ಬ್ಯಾಟರಿಗೆ ತೊಂದರೆಯಿಲ್ಲ. ಶೇ 80ರಷ್ಟೇ ಖರ್ಚು ಮಾಡಿ ಇಳಿಸಬೇಕು. ಆ ಲೆಕ್ಕದಲ್ಲಿ ಒಂದು ಹಾರಾಟ ಏಳು ನಿಮಿಷ.

ಬ್ಯಾಟರಿಗೂ ಮೋಟಾರಿಗೂ ನಡುವೆ ಕೂರೋದು ಸ್ಪೀಡ್ ಕಂಟ್ರೋಲರ್, ಹವ್ಯಾಸಿಗಳ ಬಾಯಲ್ಲಿ ಇಎಸ್‌ಸಿ. ಎಷ್ಟು ನೀರು ಬಿಡಬೇಕು ಅಂತ ನೋಡಿಕೊಳ್ಳುವ ನೀರುಗಂಟಿ ಇದು. ನಾನು 40 ಆಂಪಿನದು ತೆಗೆದುಕೊಂಡೆ.

ರೆಕ್ಕೆಯ ಓರೆ ಬದಲಿಸೋಕೆ ಮೂರು ಸರ್ವೊ, ಬಾಲಕ್ಕೆ ವೇಗದ ಒಂದು ಸರ್ವೊ. ಮೈ ಗಿರ್ರನೆ ತಿರುಗದ ಹಾಗೆ ಬಾಲ ಹಿಡಿದು ನಿಲ್ಲಿಸೋಕೆ ಜೈರೊ. ಇಲ್ಲೊಂದು ಎಚ್ಚರಿಕೆ: ಡಿಜಿಟಲ್ ಸರ್ವೊಗೆ ಜೈರೊ ಸೆಕೆಂಡಿಗೆ 333 ಸಲ ಆಜ್ಞೆ ಕಳಿಸಬಹುದು. ಅನಲಾಗ್ ಸರ್ವೊಗೆ ಅದೇ ವೇಗ ಇಟ್ಟರೆ ಸುಟ್ಟುಹೋಗುತ್ತೆ. ರಿಸೀವರಿಗೆ ಕನಿಷ್ಠ ಆರು ಚಾನೆಲ್ ಬೇಕು. ಸರ್ವೊ, ಮೋಟಾರಿಗೆ ಐದು, ಜೈರೊ ಎಷ್ಟು ಚುರುಕಾಗಿರಬೇಕು ಅನ್ನೋದಕ್ಕೆ ಒಂದು. ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಭಾಷೆಯನ್ನೇ ಅದೂ ಆಡಬೇಕು. ಎರಡೂ 2.4 ಗಿಗಾಹರ್ಟ್ಸ್ ಆದಮಾತ್ರಕ್ಕೆ ಜೊತೆಗೂಡುವುದಿಲ್ಲ.

ಇಷ್ಟನ್ನೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆದು, ಉಳಿದದ್ದು ಆನ್‌ಲೈನ್‌ನಲ್ಲಿ ತರಿಸಿ ಜೋಡಿಸಿದೆವು. ಇಎಸ್‌ಸಿ ಕೊಳ್ಳುವಾಗ ಎರಡು ಬಗೆ ಮುಂದಿದ್ದವು. ಒಂದಕ್ಕೆ ಒಂಬೈನೂರು ರೂಪಾಯಿ ಹೆಚ್ಚು. ಎರಡರ ಮೇಲೂ 40 ಆಂಪ್ ಅಂತಲೇ ಬರೆದಿತ್ತು. "ಅದೇ 40 ಅಲ್ವಾ" ಅಂತ ಅಗ್ಗದ್ದನ್ನು ತಂದೆ.

ಬಿದ್ದ ದಿನ

ಡಿಸೆಂಬರ್, ಬೆಳಗ್ಗೆ ಎಂಟು ಗಂಟೆ. ಗದ್ದೆಯಲ್ಲಿ ಭತ್ತದ ಕೂಳೆ ಮಾತ್ರ. ಹುಡುಗ ನನ್ನ ಪಕ್ಕ ಹತ್ತು ಹೆಜ್ಜೆ ದೂರ, ಅಕ್ಕ ಕಾಫಿ ಲೋಟ ಹಿಡಿದು ಬದುವಿನ ಮೇಲೆ. "ಸೀಲಿಂಗ್ ಫ್ಯಾನ್ ಬಿಚ್ಚಿ ಗದ್ದೇಲಿ ಇಟ್ಟಂಗೆ ಐತೆ ಕಣೋ" ಅಂತ ನಗ್ತಿದ್ದಳು.

ಹೆಲಿಕಾಪ್ಟರ್ ಎದ್ದಿತು. ಎರಡಾಳು ಎತ್ತರಕ್ಕೆ ಹೋಗಿ ತೇಲಿತು. ಹುಡುಗನ ಕೇಕೆ ಕೇಳಬೇಕಿತ್ತು! ಮೂರನೇ ನಿಮಿಷಕ್ಕೆ ಕೆರೆ ಕಡೆಯಿಂದ ಗಾಳಿ ಬೀಸಿತು. ಸರಿದೂಗಿಸೋಕೆ ಕಡ್ಡಿಗಳನ್ನು ಜೋರಾಗಿ ಆಡಿಸಿದೆ. ತಕ್ಷಣ ಎಲ್ಲಾ ಸತ್ತಂತಾಯಿತು. ಮೋಟಾರು ನಿಂತಿತು, ಸರ್ವೊ ನಿಂತಿತು, ಸುತ್ತುತ್ತಿದ್ದ ರೆಕ್ಕೆ ಸಮೇತ ಅದು ಮಗುಚಿ ನೆಲಕ್ಕೆ ಬಡಿಯಿತು. ಮುರಿದ ರೆಕ್ಕೆಯ ತುಂಡೊಂದು ಅಕ್ಕ ನಿಂತಿದ್ದ ಬದುವನ್ನೂ ದಾಟಿ ಹೋಗಿ ಬಿತ್ತು.

ಹುಡುಗ ಎತ್ತಿಕೊಳ್ಳೋಕೆ ಓಡಿದ. "ನಿಲ್ಲೋ!" ಅಂತ ಕಿರುಚಿದೆ. ಅವನು ನಿಂತ ಮರುಕ್ಷಣವೇ ಬಿದ್ದಲ್ಲೇ ರಿಸೀವರಿನ ದೀಪ ಹತ್ತಿತು, ಸರ್ವೊಗಳು ಪಟಪಟ ಅಲುಗಿದವು. ಸತ್ತಿದೆ ಅಂದುಕೊಂಡದ್ದು ಸತ್ತಿರಲಿಲ್ಲ.

ಅಕ್ಕ ಬೈಯಲಿಲ್ಲ. ಆ ತುಂಡನ್ನು ತಂದು ನನ್ನ ಕೈಗೆ ಕೊಟ್ಟು ಮನೆ ಕಡೆ ನಡೆದಳು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಬೆರಳಿಗೆ ಸಿಕ್ಕ ಉತ್ತರ

ನಾನು ದೂರಿದ್ದು ಮೊದಲು ಮೋಟಾರನ್ನು, ಆಮೇಲೆ ಬ್ಯಾಟರಿಯನ್ನು, ಆಮೇಲೆ ರೇಡಿಯೊವನ್ನು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಚನ್ನಗಿರಿಯಲ್ಲಿ ಟಿವಿ, ಮಿಕ್ಸಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಮೋಟಾರಿನ ಮೂರು ತಂತಿ ಬಿಚ್ಚಿಸಿ, ಬ್ಯಾಟರಿ ಕೊಟ್ಟು, "ಕಡ್ಡಿ ಆಡಿಸ್ತಾ ಇರಪ್ಪ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಇಎಸ್‌ಸಿ ಮೇಲೆ ಬೆರಳಿಟ್ಟು ಸರಕ್ಕನೆ ತೆಗೆದರು. "ಮೋಟ್ರೇ ತಿರುಗ್ತಿಲ್ಲ, ಇದ್ಯಾಕೆ ಇಷ್ಟು ಸುಡ್ತೈತೆ?"

ಅಲ್ಲಿತ್ತು ಉತ್ತರ. ಇಎಸ್‌ಸಿ ಒಳಗೆ ಇನ್ನೊಂದು ಪುಟ್ಟ ಭಾಗ ಇರುತ್ತೆ, ಹೆಸರು ಬಿಇಸಿ. ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸಿ ರಿಸೀವರಿಗೆ, ಜೈರೊಗೆ, ಸರ್ವೊಗಳಿಗೆ ಕೊಡುವುದು ಅದರ ಕೆಲಸ. ಅಗ್ಗದ್ದರಲ್ಲಿ ಇದ್ದದ್ದು 2 ಆಂಪಿನ ಲೀನಿಯರ್ ಬಿಇಸಿ. ಇದು ಬೇಡದ ವೋಲ್ಟೇಜನ್ನು ಬಿಸಿ ಮಾಡಿ ಕಳೆಯುತ್ತೆ. ತುಂಬಿದ ಬ್ಯಾಟರಿಯಲ್ಲಿ 12.6 ವೋಲ್ಟ್. 5 ಕಳೆದರೆ 7.6. ಎರಡು ಆಂಪ್ ಎಳೆದರೆ 15 ವಾಟ್ ಬಿಸಿ, ಬೆರಳಗಲದ ಜಾಗದಲ್ಲಿ! ಸಣ್ಣ ಬೆಸುಗೆ ಕಡ್ಡಿಯೇ 25 ವಾಟ್ ಇರುತ್ತೆ. ಗಾಳಿಗೆ ನಾಲ್ಕೂ ಡಿಜಿಟಲ್ ಸರ್ವೊ ಒಟ್ಟಿಗೆ ಎಳೆದಾಗ ಅದು ಕಾದು ತನ್ನನ್ನು ತಾನೇ ಆರಿಸಿಕೊಂಡಿತು. ತಣ್ಣಗಾದ ಮೇಲೆ ಮತ್ತೆ ಹತ್ತಿತು.

ಸೂಳೆಕೆರೆಯ ನೀರು ಗದ್ದೆಗಷ್ಟೇ ಅಲ್ಲ, ಕುಡಿಯೋಕೆ ಚಿತ್ರದುರ್ಗದವರೆಗೂ ಹೋಗುತ್ತೆ. ಗದ್ದೆಯ ತೂಬಿನ ಲೆಕ್ಕ ನಾನು ಚೆನ್ನಾಗಿ ಹಾಕಿದ್ದೆ. ಕುಡಿಯುವ ನೀರಿನ ಪೈಪು ಎಷ್ಟು ದಪ್ಪ ಅಂತ ನೋಡಲೇ ಇಲ್ಲ.

ನೀವು ಕೊಳ್ಳುವುದಾದರೆ

ಇಎಸ್‌ಸಿಯ ಆಂಪ್ ನೋಡಿದ ಹಾಗೆಯೇ ಬಿಇಸಿಯ ಆಂಪ್ ನೋಡಿ. ಮೂರು ಸೆಲ್, ನಾಲ್ಕು ಡಿಜಿಟಲ್ ಸರ್ವೊ ಇದ್ದರೆ ಸ್ವಿಚಿಂಗ್ ಬಿಇಸಿಯೇ ಇರಲಿ, 5 ಆಂಪಿನದು. ಅದು ಬಿಸಿ ಮಾಡಿ ಕಳೆಯುವುದಿಲ್ಲ. ಬೇರೆಯಾಗಿ ತಂದು ಹಾಕಿದರೆ ಇಎಸ್‌ಸಿಯಿಂದ ರಿಸೀವರಿಗೆ ಬರುವ ಕೆಂಪು ತಂತಿಯನ್ನು ಬಿಡಿಸಿ, ಎರಡು ಮೂಲ ಒಂದಕ್ಕೊಂದು ಗುದ್ದಾಡಬಾರದು.

ಸರ್ವೊ ಕೊಳ್ಳುವಾಗ ಎಷ್ಟು ವೋಲ್ಟಿನದು ಅಂತ ನೋಡಿ ಬಿಇಸಿಯನ್ನು ಅದಕ್ಕೆ ಹೊಂದಿಸಿ. ಮೇಜಿನ ಮೇಲೆ ಪರೀಕ್ಷಿಸುವಾಗ ಮೋಟಾರಿನ ತಂತಿ ಬಿಚ್ಚಿಡಿ. ಐದು ನಿಮಿಷ ಕಡ್ಡಿ ಆಡಿಸಿ, ಆಮೇಲೆ ಹುಷಾರಾಗಿ ಬೆರಳಿಟ್ಟು ನೋಡಿ.

ಬ್ಯಾಟರಿಯನ್ನು ಬ್ಯಾಲೆನ್ಸ್ ಚಾರ್ಜರಿನಲ್ಲೇ ಹಾಕಿ, 2200ಕ್ಕೆ 2.2 ಆಂಪ್. ಒಂದು ಸೆಲ್ 4.2 ವೋಲ್ಟ್ ದಾಟಬಾರದು, ಎತ್ತಿಡುವಾಗ 3.8 ಇರಲಿ. ಹಾಸಿಗೆ ಮೇಲೆ, ಯಾರೂ ಇಲ್ಲದ ಕೋಣೆಯಲ್ಲಿ ಚಾರ್ಜಿಗೆ ಇಡಬೇಡಿ. ಉಬ್ಬಿದ್ದನ್ನು ಮತ್ತೆ ಬಳಸಬೇಡಿ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದರ ಮೇಲೆ 2 ಕಿಲೋವರೆಗಿನದು ಮೈಕ್ರೊ. ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ ನೋಡಿ, ಆಗ ಜಾರಿಯಲ್ಲಿರುವ ನಿಯಮವನ್ನೂ ಓದಿ. ಮಕ್ಕಳ ಮೊದಲ ಹೆಲಿಕಾಪ್ಟರ್ ಅಂಗೈಯಗಲದ್ದೇ ಆಗಿರಲಿ. 450ಕ್ಕೆ ಆತುರ ಬೇಡ.

ಸಂಕ್ರಾಂತಿಗೆ ಹೋದಾಗ ಹೊಸ ರೆಕ್ಕೆ, ಹೊಸ ಬಿಇಸಿ ಒಯ್ದಿದ್ದೆ. ಈ ಸಲ ಮುನ್ನೂರು ಕಿಲೋಮೀಟರಿನ ಲೆಕ್ಕವನ್ನು ಅಕ್ಕನ ಮುಂದೆ ಇಟ್ಟೆ. ಅವಳು ಕೇಳಿಸಿಕೊಂಡು ಗದ್ದೆಯಲ್ಲಿ ಮೂವತ್ತು ಹೆಜ್ಜೆ ಅಳೆದು, ಅಡಿಕೆ ದಬ್ಬೆ ನೆಟ್ಟಳು. "ಇದರಿಂದ ಈಚೆಗೇ ಎಲ್ರೂ. ಅದು ಪೂರ್ತಿ ನಿಂತು, ಮಾಮ ಬ್ಯಾಟರಿ ಬಿಚ್ಚೋವರೆಗೂ ಯಾರೂ ಹೋಗಂಗಿಲ್ಲ."

ಆರೂವರೆ ನಿಮಿಷ ಹಾರಿ ಇಳಿಯಿತು. ನಾನು ಹೋಗಿ ಬ್ಯಾಟರಿ ಬಿಚ್ಚಿ, ಬಿಇಸಿ ಮೇಲೆ ಬೆರಳಿಟ್ಟೆ. ಉಗುರುಬೆಚ್ಚಗಿತ್ತು. ತಿರುಗಿ ಕೈ ಬೀಸಿದೆ. ಹುಡುಗ ಅಮ್ಮನ ಮುಖ ನೋಡಿದ. ಅವಳು "ಹ್ಞೂಂ, ಹೋಗು" ಅಂದ ಮೇಲೇ ಓಡಿ ಬಂದ.